ಪಾಲಕರ ಹೇಳಿಕೆಯಂತೆ

ನಮ್ಮ ಕಡೆ ಅರ್ಧ ಊರು ಹುಟ್ಟಿದ್ದು ಜೂನ್ ಒಂದಕ್ಕೆ. ನಗಬೇಡಿ, ಬೇಕಾದರೆ ಕಾಗದ ತೆಗೆಸಿ ನೋಡಿ. ಅಥಣಿಯಿಂದ ಕಾಗವಾಡಕ್ಕೆ ಹೋಗುವ ಯಾವ ಬಸ್ಸನ್ನಾದರೂ ಹತ್ತಿ, ಸೀಟು ಸಿಕ್ಕವರ, ಸಿಗದವರ, ಎಲ್ಲರ ಆಧಾರ್ ಕಾರ್ಡು ಕೇಳಿ. ಮಗುವನ್ನು ಶಾಲೆಗೆ ಹಾಕಲು ಬಂದ ತಾಯಿ, "ಪಂಚಮಿ ಆಗಿ ಎರಡ ದಿನಕ್ಕ ಹುಟ್ಟೇತ್ರಿ," ಅನ್ನುತ್ತಾಳೆ. ಮಾಸ್ತರರು ತಲೆಯನ್ನೂ ಎತ್ತದೆ ಜೂನ್ ಒಂದು ಎಂದು ಬರೆದು, ಹಿಂದಿನ ಯಾವುದೋ ಒಂದು ವರ್ಷ ಹಚ್ಚಿ, ಮುಂದಿನ ಮಗುವನ್ನು ಕರೆಯುತ್ತಾರೆ. ಶಾಲೆ ಶುರುವಾಗುವ ದಿನಕ್ಕೆ ಲೆಕ್ಕ ಸರಿಹೋಗಬೇಕು, ಅಷ್ಟೇ. ನಾನೂ ಜೂನ್ ಒಂದರವಳೇ. ನಮ್ಮವ್ವನನ್ನು ಕೇಳಿದರೆ ನಾನು ಹುಟ್ಟಿದ್ದು ಜೋಳದ ರಾಶಿ ನಡೆದಾಗ. ಹೀಗಾಗಿ ನಮ್ಮ ತಾಲೂಕಿನ ಮಾಸ್ತರರು, ಅಕ್ಕೋರುಗಳು ಬಹಳಷ್ಟು ಮಂದಿ ಒಂದೇ ದಿನ, ಮೇ ಮೂವತ್ತೊಂದಕ್ಕೆ, ನಿವೃತ್ತರಾಗುತ್ತೇವೆ. ಅಂದು ಶಾಲು, ಹಾರ ಮಾರುವವರಿಗೆ ಭರ್ಜರಿ ವ್ಯಾಪಾರ.

ಇಂಥದೇ ಒಂದು ಜೂನ್ ಒಂದನ್ನು ನಾನು ಒಬ್ಬ ಹುಡುಗಿಗೆ ಬರೆದೆ. ಹನ್ನೆರಡು ವರ್ಷದ ಮೇಲೆ ಅದು ಅವಳನ್ನು ಭಾರತದ ಜೂನಿಯರ್ ಐಸ್ ಹಾಕಿ ತಂಡದಿಂದ ಹೊರಗೆ ಹಾಕಿತು. ಕಾಗದ ಹೊರಗೆ ಹಾಕಿತು ಎಂದು ಹೇಳಿಕೊಂಡು ತಿರುಗಾಡಿದ್ದೇನೆ. ಈಗ ಶಾಲು ಹೊದ್ದು ಮನೆಯಲ್ಲಿ ಕುಳಿತಿದ್ದೇನೆ, ಮಾಡಲು ಬೇರೆ ಕೆಲಸವಿಲ್ಲ, ಖರೇ ಬರೆಯುತ್ತೇನೆ.

ನನ್ನದು ಶೇಡಬಾಳದಿಂದ ಸ್ವಲ್ಪ ದೂರದ ತೋಟದ ಶಾಲೆ. ಊರೊಳಗೆ ಅಲ್ಲ, ಕಬ್ಬು ಮತ್ತು ದ್ರಾಕ್ಷಿಯ ನಡುವೆ, ತೋಟದಲ್ಲೇ ಮನೆ ಮಾಡಿಕೊಂಡವರ ಮಕ್ಕಳಿಗಾಗಿ ಕಟ್ಟಿದ ಎರಡು ಕೋಣೆ. ಇಬ್ಬರು ಶಿಕ್ಷಕರು. ನನ್ನ ಬಾಯಿ ಜೋರು. ನಾನು ಬಸ್ಸಿಳಿದು ಬದುವಿನ ಮೇಲೆ ನಡೆದು ಬರುವುದು ಕಂಡರೆ ಮಕ್ಕಳು, "ಅಕ್ಕೋರ ಬಂದ್ರಲೇ!" ಎಂದು ಕೂಗಿ ಒಳಗೆ ಓಡುತ್ತಿದ್ದರು. ಕಿವಿ ಹಿಂಡುತ್ತಿದ್ದೆ, ಬೈಯುತ್ತಿದ್ದೆ, ಬೈದ ಮೇಲೆ ಕರೆದು ಶೇಂಗಾ ಉಂಡಿ ಕೊಡುತ್ತಿದ್ದೆ. ಇಡೀ ವಸ್ತಿಯಲ್ಲಿ ನಾನು ಹೇಳಿದ್ದೇ ಕೊನೆಯ ಮಾತು. ಆ ಮಾತಿಗೆ ನಾನೇ ಮರುಳಾಗಿದ್ದೆ ಅನ್ನಿ.

ಆ ವರ್ಷ ದಾಖಲಾತಿ ಹೊತ್ತಿಗೆ ಒಬ್ಬಳು ಹೆಂಗಸು ಮಗಳನ್ನು ಸೊಂಟದ ಮೇಲೆ ಹೊತ್ತು ಬಂದಳು. ತವರು ಮಿರಜ ಕಡೆಯ ಹಳ್ಳಿ. ಗಂಡ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ಸೀಸನ್ನಿನಲ್ಲಿ ಮನೆ ಕಡೆ ಮುಖ ತೋರಿಸುತ್ತಿರಲಿಲ್ಲ. ಅವಳು ಒಣದ್ರಾಕ್ಷಿ ಶೆಡ್ಡಿನಲ್ಲಿ ಕಡ್ಡಿ ಆರಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಕನ್ನಡ ಸರಾಗ ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ನಾಲ್ಕನೆಯ ಇಯತ್ತೆವರೆಗೆ ಕಲಿತದ್ದು ಮರಾಠಿ. ಹುಡುಗಿ ಕೆಮ್ಮುತ್ತಿತ್ತು.

"ಶೆಡ್ಡಿನ್ಯಾಗ ಗಂಧಕದ ಹೊಗಿ ಹಾಕ್ತಾರ್ರಿ ಅಕ್ಕೋರ," ಅಂದಳು. "ಪೋರಿಗೆ ಉಸುರು ಹಿಡೀತೈತಿ. ಮನ್ಯಾಗ ಬಿಟ್ಟ ಬರಾಕ ಯಾರೂ ಇಲ್ಲ. ನಿಮ್ಮ ಸಾಳ್ಯಾಗ ಕುಂಡ್ರಿಸ್ಕೊರಿ. ವಯಸ್ಸ ಆಗಿಲ್ಲ, ಹೆಸರ ಹಚ್ಚಬ್ಯಾಡ್ರಿ, ಸುಮ್ನ ಕುಂಡ್ರಲಿ."

ಹೆಸರು ಹಚ್ಚಬೇಡಿ ಎಂದು ಅವಳೇ ಹೇಳಿದಳು. ಈ ಮಾತನ್ನು ಇಲ್ಲಿ ಒತ್ತಿ ಬರೆಯುತ್ತಿದ್ದೇನೆ, ಯಾಕೆಂದರೆ ಇಡೀ ಕಥೆ ನಿಂತಿರುವುದು ಅದರ ಮೇಲೆ. ಯಾವಾಗ ಹುಟ್ಟಿದ್ದು ಎಂದು ಕೇಳಿದೆ. ಪಂಚಮಿ ಆಗಿ ಎರಡು ದಿನಕ್ಕೆ, ತನ್ನ ತಮ್ಮನ ಮದುವೆಯಾದ ವರ್ಷ ಅಂದಳು. ಬೆರಳು ಮಡಚಿ ಲೆಕ್ಕ ಹಾಕಿದೆ. ಐದು ತುಂಬಲು ಇನ್ನೂ ಎರಡು ತಿಂಗಳು ಇತ್ತು. ಒಂದನೆಯ ತರಗತಿಗೆ ಸಾಲುತ್ತಿರಲಿಲ್ಲ.

ಆದರೆ ನನಗೆ ಹೆಸರು ಬೇಕಾಗಿತ್ತು. ಆ ವರ್ಷ ಮಕ್ಕಳ ಸಂಖ್ಯೆ ಕಡಿಮೆಯಿದ್ದ ಶಾಲೆಗಳಿಂದ ಒಬ್ಬೊಬ್ಬ ಶಿಕ್ಷಕರನ್ನು ಹೆಚ್ಚುವರಿ ಎಂದು ಎತ್ತಿ ಬೇರೆ ಕಡೆ ಹಾಕುತ್ತಿದ್ದರು. ನಮ್ಮಲ್ಲಿ ಒಂದೇ ಒಂದು ಮಗು ಕಡಿಮೆ ಬಿದ್ದಿತ್ತು. ಎತ್ತುವುದಾದರೆ ನನ್ನನ್ನೇ ಎತ್ತುತ್ತಿದ್ದರು. ಮನೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರು, ಎರಡು ಬಸ್ಸು ಬದಲಿಸಿ ತಾಲೂಕಿನ ಆ ತುದಿಗೆ ಹೋಗಿ ಬರುವ ತ್ರಾಣ ನನಗಿರಲಿಲ್ಲ. ಪೆನ್ನು ತೆಗೆದೆ. ಜೂನ್ ಒಂದು ಎಂದು ಬರೆದೆ, ವರ್ಷವನ್ನು ಒಂದು ಹಿಂದಕ್ಕೆ ಸರಿಸಿದೆ. ಆರು ವರ್ಷ ಬರೋಬ್ಬರಿ ತುಂಬಿತು.

"ಹೆಸರ ಹಚ್ಚೀನಿ ಹೋಗ. ಮಧ್ಯಾಹ್ನದ ಊಟಾನೂ ಸಿಗತೈತಿ," ಅಂದೆ. ಅವಳು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಅವತ್ತು ನನಗೂ ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು. ಸುಳ್ಳಲ್ಲ, ಕೆಮ್ಮು ನಿಂತಿತು, ಹುಡುಗಿ ಕಲಿತಳು, ನನ್ನ ಬಸ್ಸೂ ಬದಲಾಗಲಿಲ್ಲ.

ಹುಡುಗಿ ಶೇಡಬಾಳದ ಶಾಲೆಯಲ್ಲಿ ಏಳನೆಯ ತರಗತಿಯಲ್ಲಿ ಇದ್ದಾಗ ಚಿಕ್ಕೋಡಿ ಕಡೆಯ ಒಬ್ಬ ದೈಹಿಕ ಶಿಕ್ಷಕ ಶೇಡಬಾಳಕ್ಕೆ ಬರತೊಡಗಿದ. ಚಿಕ್ಕ ವಯಸ್ಸು, ಅವನ ಹುಚ್ಚು ಸ್ಕೇಟಿಂಗ್, ಎಲ್ಲರಿಗೂ ಅವನು ಸ್ಕೇಟಿಂಗ್ ಸರ್. ಬೆಳಗಾವಿ ಸೀಮೆಯಲ್ಲಿ ಗಾಲಿ ಕಟ್ಟಿಕೊಂಡು ಓಡುವ ಮಕ್ಕಳಿಗೆ ಕಡಿಮೆಯಿಲ್ಲ, ಆದರೆ ನಮ್ಮ ತೋಟದ ಮಕ್ಕಳು ಅದನ್ನು ಟೀವಿಯಲ್ಲಿ ಮಾತ್ರ ನೋಡಿದ್ದವು. ಅವನಿಗೆ ನುಣುಪಾದ ನೆಲ ಬೇಕಿತ್ತು. ದ್ರಾಕ್ಷಿಯ ಸುಗ್ಗಿ ಮುಗಿದ ಮೇಲೆ ಒಣದ್ರಾಕ್ಷಿ ಶೆಡ್ಡಿನ ದೊಡ್ಡ ನೆಲ ಖಾಲಿ ಬಿದ್ದಿರುತ್ತದೆ. ಮಾಲಕರನ್ನು ಕೇಳಿಕೊಂಡ, ಅವರು ಹೂಂ ಅಂದರು. ತಾಯಿ ಕಡ್ಡಿ ಆರಿಸುತ್ತಿದ್ದ ಆ ಜಾಗದಲ್ಲೇ ಮಗಳು ಗಾಲಿಯ ಮೇಲೆ ನಿಲ್ಲಲು ಕಲಿತಳು.

ಸ್ಕೇಟ್ ಕಟ್ಟಿಕೊಂಡು ಹಾಕಿ ಆಟವನ್ನೂ ಆಡುತ್ತಾರೆ ಎಂದು ನನಗೆ ಗೊತ್ತಾದದ್ದೂ ಆಗಲೇ. ಹುಡುಗಿ ಓಡುವುದರಲ್ಲಿ ಅಷ್ಟಕ್ಕಷ್ಟೆ. ಆದರೆ ಗೋಲಿನ ಮುಂದೆ ನಿಂತರೆ ಅಲ್ಲಾಡುತ್ತಿರಲಿಲ್ಲ. ಮೈಮೇಲೆ ಬರುವ ಚೆಂಡಿಗೆ ಎಲ್ಲರೂ ಮುಖ ತಿರುವಿದರೆ ಇವಳು ಮುಖ ಮುಂದೆ ಮಾಡುವಳು. "ಲೇ ಹುಚ್ಚಿ, ಹಲ್ಲ ಉದರ್ಯಾವು!" ಎಂದು ನಾನು ಹೊರಗಿನಿಂದ ಬೈದರೆ, "ಅಕ್ಕೋರ, ಹಲ್ಲ ಹೋದ್ರ ಹೋಗ್ಲಿ, ಗೋಲ್ ಹೋಗಬಾರ್ದ್ರಿ," ಅನ್ನುತ್ತಿದ್ದಳು. ಗೋಲ್‌ಕೀಪರ್ ಕಾಲಿಗೆ ಕಟ್ಟುವ ಪ್ಯಾಡು ಸಿಕ್ಕುವವರೆಗೆ ಅವಳ ತಾಯಿ ಹಳೆಯ ಕೌದಿ ಕತ್ತರಿಸಿ, ನಾಲ್ಕು ಪದರು ಹಾಕಿ ಹೊಲಿದು ಕೊಟ್ಟಿದ್ದಳು. ಆ ಬಣ್ಣಬಣ್ಣದ ಕಾಲು ಕಂಡು ನಿಪ್ಪಾಣಿಯಲ್ಲಿ ನಡೆದ ಪಂದ್ಯದಲ್ಲಿ ಎಲ್ಲರೂ ನಕ್ಕರು. ಪಂದ್ಯ ಮುಗಿಯುವ ಹೊತ್ತಿಗೆ ನಗುವುದನ್ನು ಬಿಟ್ಟರು.

ಅಲ್ಲಿಂದ ಜಿಲ್ಲೆ, ರಾಜ್ಯ. ಹುಡುಗಿ ಡಿಗ್ರಿ ಕಾಲೇಜಿಗೆ ಬಂದ ವರ್ಷ ಸ್ಕೇಟಿಂಗ್ ಸರ್ ಓಡುತ್ತ ನನ್ನ ಶಾಲೆಗೆ ಬಂದ. ಗಾಲಿಯ ಮೇಲೆ ಆಡುವವರಿಗೆ ಐಸ್ ಹಾಕಿಯಲ್ಲಿ ಆಯ್ಕೆ ಪರೀಕ್ಷೆ ಇಟ್ಟಿದ್ದಾರೆ, ಹದಿನೆಂಟರ ಒಳಗಿನ ಹುಡುಗಿಯರ ತಂಡ, ಗೋಲ್‌ಕೀಪರ್ ಸಿಗುತ್ತಿಲ್ಲ ಅಂದ. ಉತ್ತರದ ಕಡೆ ಬರ್ಫದ ಮೈದಾನವಿರುವ ಊರಿಗೆ ಕರೆದೊಯ್ದ. ಹೋಗುವ ಮೊದಲು ಚಳಿ ರೂಢಿಯಾಗಲೆಂದು ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಹದಿನೈದು ದಿನ, ಬೆಳಿಗ್ಗೆ ಅರ್ಧ ತಾಸು, ಸ್ವೆಟರ್ ಹಾಕಿ ನಿಲ್ಲಿಸಿದ್ದ. ಹೊರಗೆ ಬಂದರೆ ಚುರುಗುಟ್ಟುವ ಬಿಸಿಲು. ನಾನು ಅವನಿಗೆ ಬಾಯಿಗೆ ಬಂದಂತೆ ಬೈದೆ, ಹುಡುಗಿಗೆ ನ್ಯುಮೋನಿಯಾ ಆದರೆ ನಿನ್ನ ಅಪ್ಪ ಬರುತ್ತಾನೇನು ಎಂದು.

ಹುಡುಗಿಗೆ ಏನೂ ಆಗಲಿಲ್ಲ. ಮೊದಲ ದಿನ ಬರ್ಫದ ಮೇಲೆ ಹದಿನಾರು ಸಲ ಬಿದ್ದಳಂತೆ. ಮೂರನೆಯ ದಿನ ಗೋಲಿನ ಮುಂದೆ ನಿಂತಳು. ಅವಳು ಫೋನಿನಲ್ಲಿ ಕಳಿಸಿದ ವಿಡಿಯೋವನ್ನು ನಾನು ವಸ್ತಿಯ ಹೆಂಗಸರಿಗೆಲ್ಲ ತೋರಿಸಿದೆ. ಚೆಂಡು ಇಲ್ಲ, ಕರಿ ರಬ್ಬರಿನ ಬಿಲ್ಲೆ, ಪಕ್ ಅನ್ನುತ್ತಾರೆ. "ಯವ್ವಾ, ಅದು ಬಡದ್ರ ಜೀವ ಹೋಗತೈತೇನ್ರಿ," ಎಂದು ಒಬ್ಬಳು ಕೇಳಿದಳು. "ಬರ್ಫದ ಮ್ಯಾಲ ಜಾರೂದಿಲ್ಲೇನ್ರಿ?" ಇನ್ನೊಬ್ಬಳು. ತಾಯಿ ಮಗಳ ಮುಖವಾಡದ ಜಾಳಿಗೆಯನ್ನು ಫೋನಿನ ಮೇಲೆ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

ಶಿಬಿರದ ಕೊನೆಗೆ ಪಟ್ಟಿ ಬಂತು. ವಿದೇಶದಲ್ಲಿ ಜೂನಿಯರ್ ಹುಡುಗಿಯರ ಅಂತರರಾಷ್ಟ್ರೀಯ ಐಸ್ ಹಾಕಿ ಟೂರ್ನಿ, ಮಧ್ಯ ಏಷ್ಯಾದ ಒಂದು ಊರಲ್ಲಿ. ಇಬ್ಬರು ಗೋಲ್‌ಕೀಪರುಗಳಲ್ಲಿ ಇವಳ ಹೆಸರು ಮೊದಲು. ಅವಳಿಗೆ ಅದೇ ಕೊನೆಯ ಅವಕಾಶ, ಮುಂದಿನ ವರ್ಷಕ್ಕೆ ಖರೇ ವಯಸ್ಸಿನಲ್ಲೂ ಜೂನಿಯರ್ ದಾಟುತ್ತಿದ್ದಳು. ದೊಡ್ಡವರ ತಂಡದಲ್ಲಿ ಪರ್ವತದ ಹುಡುಗಿಯರು ಹುಟ್ಟಿದಾಗಿನಿಂದ ಬರ್ಫದ ಮೇಲೆ ಆಡಿದವರು, ನಮ್ಮ ಗಾಲಿಯವಳಿಗೆ ಅಲ್ಲಿ ಜಾಗ ಸಿಗುವುದು ಕಷ್ಟ ಎಂದು ಸ್ಕೇಟಿಂಗ್ ಸರ್ ಮೊದಲೇ ಹೇಳಿದ್ದ. ನಾವೆಲ್ಲ ಆ ಮಾತು ಮರೆತು ಪೇಡೆ ಹಂಚಿದೆವು. ನಾನು ಶಾಲೆಯ ಗೋಡೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆಸಿದೆ, ನಮ್ಮ ಶಾಲೆಯ ವಿದ್ಯಾರ್ಥಿನಿ ಎಂದು. ಬಿಇಓ ಸಾಹೇಬರು ಬಂದು ನನ್ನ ಜೊತೆ ಫೋಟೋ ತೆಗೆಸಿಕೊಂಡರು. ಎದೆ ಉಬ್ಬಿ ಕುಬಸ ಬಿಗಿಯಾಗಿತ್ತು ನನಗೆ.

ಪೇಡೆಯ ಡಬ್ಬಿ ಖಾಲಿಯಾಗುವ ಮೊದಲೇ ಸ್ಕೇಟಿಂಗ್ ಸರ್ ಮತ್ತೆ ಬಂದ. ಈ ಸಲ ಓಡಿ ಬರಲಿಲ್ಲ.

"ಅಕ್ಕೋರ, ಪಾಸ್‌ಪೋರ್ಟ್ ಕಳಿಸಿದ್ನಿರಿ. ಅದರಾಗ ಹುಟ್ಟಿದ ವರ್ಷ ಒಂದ ಹಿಂದ ಐತ್ರಿ. ಅರ್ಜಿಯೊಳಗ ನಾ ಅವರವ್ವ ಹೇಳಿದ್ದ ಬರದೀನಿ. ತಾಳೆ ಆಗವಲ್ದು."

ಪಾಸ್‌ಪೋರ್ಟ್ ಆಗಿದ್ದು ಆಧಾರಿನಿಂದ, ಆಧಾರ್ ಆಗಿದ್ದು ಶಾಲೆಯ ದಾಖಲೆಯಿಂದ, ಶಾಲೆಯ ದಾಖಲೆ ಆಗಿದ್ದು ನನ್ನ ಪೆನ್ನಿನಿಂದ. ಆ ಟೂರ್ನಿಗೆ ಇಂಥ ವರ್ಷದ ಜನವರಿ ಒಂದು ಅಥವಾ ಆಮೇಲೆ ಹುಟ್ಟಿದವರೇ ಬೇಕು. ಕಾಗದದ ಪ್ರಕಾರ ಹುಡುಗಿ ಏಳು ತಿಂಗಳು ದೊಡ್ಡವಳಾಗಿದ್ದಳು.

ತಂಡದ ವ್ಯವಸ್ಥಾಪಕರು ಕೆಟ್ಟವರಲ್ಲ. ಹುಟ್ಟಿದ ಊರಿನ ನೋಂದಣಿಯ ನಕಲು ತನ್ನಿ, ಅದರ ಜೊತೆ, ದಾಖಲಾತಿಯಲ್ಲಿ ತಪ್ಪು ವರ್ಷ ಬರೆದದ್ದು ಶಾಲೆಯೇ ಎಂದು ಮುಖ್ಯ ಶಿಕ್ಷಕರ ಪತ್ರ ತನ್ನಿ, ಟೂರ್ನಿ ನಡೆಸುವವರಿಗೆ ಬರೆದು ಪಾಸ್‌ಪೋರ್ಟ್ ತುರ್ತಾಗಿ ತಿದ್ದಿಸಲು ನೋಡುತ್ತೇವೆ ಅಂದಿದ್ದರು. ಕೊಟ್ಟದ್ದು ಎಂಟು ದಿನ. ಆ ವೇಳೆಗೆ ಆ ಶಾಲೆಯ ಮುಖ್ಯ ಶಿಕ್ಷಕಿ ನಾನೇ ಆಗಿದ್ದೆ.

ಮರುದಿನವೇ ರಜೆ ಹಾಕಿ ತಾಯಿಯನ್ನು ಕರೆದುಕೊಂಡು ಅವಳ ತವರಿಗೆ ಹೋದೆ. ಅಲ್ಲಿ ನೋಂದಣಿ ಆಗಿದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ, ಹೆರಿಗೆ ಮನೆಯಲ್ಲೇ ಆಗಿತ್ತು. ಲಸಿಕೆಯ ಕಾರ್ಡು ಕೃಷ್ಣೆಯ ಮಹಾಪೂರದಲ್ಲಿ ನೆನೆದು ಹೋಗಿತ್ತು. ಪಂಚಾಯತಿಯ ಗ್ರಾಮಸೇವಕರು ಮೂರು ದಪ್ಪ ವಹಿ ಇಳಿಸಿ, ಧೂಳು ಝಾಡಿಸಿ, ಒಂದೊಂದೇ ಪುಟ ತಿರುವಿದರು. ತಾಯಿ ಕುರ್ಚಿಯ ಮೇಲೆ ಕೂಡಲಿಲ್ಲ, ನಿಂತೇ ಇದ್ದಳು. ಮಧ್ಯಾಹ್ನದ ಊಟದ ಹೊತ್ತು ದಾಟಿತು. ಕೊನೆಗೆ ಗ್ರಾಮಸೇವಕರು ಬೆರಳಿಟ್ಟು, "ಸಾಪಡ್ಲ ಬಘಾ, ಬಾಯಿ," ಅಂದರು. ಸಿಕ್ಕಿತು. ಮಗುವಿನ ಹೆಸರಿನ ಮನೆ ಖಾಲಿ. ಸ್ತ್ರೀ ಎಂದಿತ್ತು, ತಾಯಿಯ ಹೆಸರಿತ್ತು, ಪಂಚಮಿಯ ಎರಡು ದಿನದ ನಂತರದ ತಾರೀಖಿತ್ತು, ವರ್ಷ ಸರಿಯಾಗಿತ್ತು. ಊರ ಸೂಲಗಿತ್ತಿ ಹೋಗಿ ಬರೆಸಿದ್ದಳಂತೆ. ನಾವಿಬ್ಬರೂ ಅಲ್ಲೇ ಅತ್ತೆವು. ವಾಪಸು ಬರುವಾಗ ಮಿರಜ ಸ್ಟ್ಯಾಂಡಿನಲ್ಲಿ ವಡಾಪಾವ್ ತಿಂದೆವು, ಅವಳು ನನಗೆ ಕಾಸು ಬಿಚ್ಚಲು ಬಿಡಲಿಲ್ಲ.

ಅಷ್ಟೇ. ಉಳಿದದ್ದು ನನ್ನ ಒಂದು ಪತ್ರ. ಐದು ಸಾಲು. ಮಗುವಿನ ತಾಯಿ ಖರೇ ವಯಸ್ಸು ಹೇಳಿದ್ದರೂ ದಾಖಲಾತಿ ಮಾಡಿಕೊಂಡ ನಾನು ವರ್ಷವನ್ನು ಹಿಂದಕ್ಕೆ ಬರೆದಿರುತ್ತೇನೆ. ಬಸ್ಸಿನಲ್ಲಿ ಕುಳಿತೇ ಮನಸ್ಸಿನಲ್ಲಿ ಬರೆದು ಮುಗಿಸಿದ್ದೆ. ಮನೆಗೆ ಹೋಗಿ ಬರೆದು ಶಿಕ್ಕಾ ಒತ್ತಿದ್ದರೆ ಈ ಬರಹ ಬರುತ್ತಿರಲಿಲ್ಲ. ಆದರೆ ನಾನು ಶಹಾಣಿ, ಒಂದು ಮಾತು ಕಚೇರಿಯಲ್ಲಿ ಕೇಳಿಬಿಡೋಣ ಎಂದು ಹೋದೆ.

ಶಿಕ್ಷಣ ಕಚೇರಿಯ ಗುಮಾಸ್ತರು ನನಗೆ ಇಪ್ಪತ್ತು ವರ್ಷದ ಪರಿಚಯ. ನನ್ನ ಪೆನ್ಷನ್ ಕಾಗದಗಳು ಅವರ ಮೇಜಿನ ಮೇಲೇ ಇದ್ದವು, ನಿವೃತ್ತಿಗೆ ನಾಲ್ಕು ತಿಂಗಳು ಬಾಕಿ. ನಾನು ಹೇಳಿದ್ದನ್ನು ಕೇಳಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಕ್ಕೋರ, ತಲಿ ಗಿಲಿ ಕೆಟ್ಟೈತೇನ್ರಿ ನಿಮಗ? ನಾನ ಸುಳ್ಳ ಬರದೀನಿ ಅಂತ ಸಹಿ ಮಾಡಿ ಕೊಡ್ತೀರಿ? ನಾಳಿಗೆ ಇಲಾಖಾ ವಿಚಾರಣೆ ಬರ್ತೈತಿ. ಯಾಕ ಬರದ್ರಿ ಅಂತಾರ. ಮಕ್ಕಳ ಸಂಖ್ಯಾ ತುಂಬಸಾಕ ಅಂತ ಹೇಳ್ತೀರೇನು? ಪೆನ್ಷನ್ ಹಂಗ ಕುಂತ್ ಬಿಡ್ತೈತಿ ನೋಡ್ರಿ."

"ಹುಡುಗಿ ಹೋಗ್ತಾಳಲ್ರಿ," ಅಂದೆ.

"ಹುಡುಗಿ ಹೋಗ್ಲಿ, ಬ್ಯಾಡ ಅಂದಾರ ಯಾರು? ಪಾಲಕರ ಹೇಳಿಕೆಯಂತೆ ದಾಖಲಿಸಲಾಗಿದೆ ಅಂತ ಬರೀರಿ. ಎಲ್ಲಾರೂ ಹಂಗ ಬರೀತಾರ. ತಾಯಿದೊಂದು ಹೇಳಿಕಿ ತಗೊಂಡ ಜೋಡಸ್ರಿ. ಅವರಿಗೂ ಪತ್ರ ಆತು, ನಿಮಗೂ ಕಾವಲ ಆತು."

ಅವರನ್ನು ದೂರುವುದಿಲ್ಲ. ಅವರಿಗೆ ಗೊತ್ತಿದ್ದ ದಾರಿ ತೋರಿಸಿದರು, ನಡೆದವಳು ನಾನು. ಆ ಸಾಲು ನನಗೂ ಹೊಸದಲ್ಲ. ಮೂವತ್ತು ವರ್ಷ ಎಷ್ಟೋ ವಹಿಗಳಲ್ಲಿ ಬರೆದಿದ್ದೇನೆ. ತಪ್ಪು ಬಂದರೆ ಪಾಲಕರ ಹೇಳಿಕೆ, ಸರಿ ಬಂದರೆ ನಮ್ಮ ಕೆಲಸ. ಮನೆಗೆ ಬರುವ ದಾರಿಯಲ್ಲಿ ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ: ಪಂಚಾಯತಿ ನೋಂದಣಿ ಗಟ್ಟಿಯಿದೆ, ಅದೇ ಸಾಕು, ನನ್ನ ಪತ್ರ ಹೇಗಿದ್ದರೇನು.

ಮರುದಿನ ಬೆಳಿಗ್ಗೆ ತಾಯಿ ಶೆಡ್ಡಿಗೆ ಹೋಗುವ ಮೊದಲು ಶಾಲೆಗೆ ಬಂದಳು. ನಾನೇ ಕರೆಸಿದ್ದೆ. ಎರಡು ಕಾಗದ ತಯಾರಿದ್ದವು. ಒಂದು ನನ್ನ ಪತ್ರ. ಇನ್ನೊಂದು ಅವಳ ಹೆಸರಿನಲ್ಲಿ ನಾನೇ ಬರೆದದ್ದು: ದಾಖಲಾತಿಯ ಸಮಯದಲ್ಲಿ ನನ್ನ ಮಗಳ ಜನ್ಮ ದಿನಾಂಕವನ್ನು ನಾನೇ ತಪ್ಪಾಗಿ ಹೇಳಿರುತ್ತೇನೆ, ಇದರಲ್ಲಿ ಶಾಲೆಯ ತಪ್ಪು ಇರುವುದಿಲ್ಲ.

"ಇದರಾಗ ಏನ ಬರದೈತ್ರಿ ಅಕ್ಕೋರ?" ಎಂದು ಕೇಳಿದಳು. ಅನುಮಾನದಿಂದ ಅಲ್ಲ, ಸುಮ್ಮನೆ.

"ಪೋರಿ ಖರೇ ಯಾವಾಗ ಹುಟ್ಟ್ಯಾಳ ಅಂತ ಬರದೈತಿ. ಸಹಿ ಮಾಡ," ಅಂದೆ.

ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಮರಾಠಿ ಅಕ್ಷರದಲ್ಲಿ, ಒಂದೊಂದು ಅಕ್ಷರಕ್ಕೂ ಉಸಿರು ಹಿಡಿದು, ತನ್ನ ಹೆಸರು ಬರೆದಳು. ಮೇಲೆ ಅಡ್ಡಗೆರೆಯನ್ನು ನೇರ ಎಳೆದಳು. ನನ್ನ ಕೈ ಆಗಲೂ ಅದನ್ನು ಕಸಿದುಕೊಂಡು ಹರಿಯಬಹುದಿತ್ತು. ಹರಿಯಲಿಲ್ಲ. "ಹೋಗ, ಕೆಲಸಕ್ಕ ತಡಾ ಆಗತೈತಿ," ಎಂದು ಗದರಿಸಿ ಕಳಿಸಿದೆ. ನನಗೆ ನಾಚಿಕೆಯಾದಾಗ ಗದರಿಸುವುದು ಮೊದಲಿನಿಂದಲೂ ರೂಢಿ.

ಸ್ಕೇಟಿಂಗ್ ಸರ್ ಕಾಗದಗಳ ಫೋಟೋ ತೆಗೆದು ಕಳಿಸಿದ. ಶಿಬಿರದಲ್ಲಿದ್ದ ಹುಡುಗಿ ದಿನಾ ಫೋನ್ ಮಾಡುತ್ತಿದ್ದಳು. "ಅಕ್ಕೋರ, ಆತೇನ್ರಿ? ಜರ್ಸಿ ಅಳತಿ ತಗೊಂಡಾರ್ರಿ. ಬೆನ್ನ ಮ್ಯಾಲ ಹೆಸರ ಹಾಕಸಾಕತ್ತಾರ." ಆಗತೈತಿ, ಆಗತೈತಿ ಅಂದೆ. ನಾಲ್ಕು ದಿನ ಅದನ್ನೇ ಹೇಳಿದೆ.

ಐದನೆಯ ದಿನ ಉತ್ತರ ಬಂತು. ಇಂಗ್ಲಿಷಿನಲ್ಲಿತ್ತು, ಸ್ಕೇಟಿಂಗ್ ಸರ್ ಓದಿ ಹೇಳಿದ. ಒಂದು ಕಡೆ ಪಾಲಕರು ಒಂದು ವಯಸ್ಸು ಹೇಳಿದ್ದಾರೆ, ಇನ್ನೊಂದು ಕಡೆ ಇನ್ನೊಂದು. ನೋಂದಣಿಯಲ್ಲಿ ಮಗುವಿನ ಹೆಸರಿಲ್ಲ, ಆ ಮಗು ಇವಳೇ ಎನ್ನಲು ತಾಯಿಯ ಮಾತೊಂದೇ ಆಧಾರ. ಆ ತಾಯಿ ಹಿಂದೆ ತಪ್ಪು ಮಾಹಿತಿ ಕೊಟ್ಟದ್ದನ್ನು ತಾನೇ ಸಹಿ ಮಾಡಿ ಒಪ್ಪಿದ್ದಾಳೆ. ಶಾಲೆ ತನ್ನ ದಾಖಲೆ ತಪ್ಪು ಎಂದು ಹೇಳಿಲ್ಲ. ಆದ್ದರಿಂದ ಪರಿಗಣಿಸಲಾಗದು.

ನಾನು ಖರೇ ಬರೆದಿದ್ದರೂ ಅವರು ಒಪ್ಪುತ್ತಿರಲಿಲ್ಲವೇನೋ. ಅಷ್ಟು ದಿನದಲ್ಲಿ ಪಾಸ್‌ಪೋರ್ಟ್ ತಿದ್ದಿ ಬರುತ್ತಿರಲಿಲ್ಲವೇನೋ. ಈ ಮಾತನ್ನು ದೇವರ ಮುಂದೆ ಊದಿನಕಡ್ಡಿ ಹಚ್ಚಿದಾಗಲೂ ಹೇಳಿಕೊಂಡಿದ್ದೇನೆ. ಆದರೆ ಅವಳ ತಾಯಿಯ ಮಾತಿಗೆ ಬೆಲೆ ಇಲ್ಲದಂತೆ ಮಾಡಿದ್ದು ನನ್ನ ಕಾಗದ. ಅದನ್ನು ಯಾವ ಕಡ್ಡಿ ಹಚ್ಚಿದರೂ ಅಳಿಸಲಾಗುವುದಿಲ್ಲ.

ಹುಡುಗಿಯನ್ನು ಶಿಬಿರದಿಂದ ರೈಲಿಗೆ ಹತ್ತಿಸಿದರು. ಅವಳ ಹೆಸರಿನ ಜರ್ಸಿ ಹೊಲಿದಾಗಿತ್ತು, ಅದನ್ನು ಅವಳಿಗೇ ಕೊಟ್ಟರು, ಬೇರೆಯವರಿಗೆ ಉಪಯೋಗವಿಲ್ಲವಲ್ಲ. ರೈಲಿನಿಂದ ಅವಳು ಫೋನ್ ಮಾಡಿ ಕೇಳಿಕೊಂಡದ್ದಕ್ಕೆ ಸ್ಕೇಟಿಂಗ್ ಸರ್ ಎಲ್ಲ ಕಾಗದವನ್ನೂ ಅವಳ ಫೋನಿಗೆ ಹಾಕಿದ. ಅವಳು ಕನ್ನಡ ಚೆನ್ನಾಗಿ ಓದುತ್ತಾಳೆ, ಕಲಿಸಿದವಳು ನಾನೇ. ಮನೆಗೆ ಬಂದವಳು ತಾಯಿಯ ಮುಖಕ್ಕೆ ಫೋನ್ ಹಿಡಿದು ಒಂದೇ ಮಾತು ಕೇಳಿದಳಂತೆ, "ಇದರ ಮ್ಯಾಲ ನಿನ್ನ ಸಹಿ ಹೌದಿಲ್ಲೋ?" ತಾಯಿ ಹೌದು ಅಂದಳು. ಅಲ್ಲಿಗೆ ಮಾತು ನಿಂತಿತು.

ಟೂರ್ನಿ ನಡೆದ ಆ ವಾರ ಹುಡುಗಿ ತಾಯಿಯ ಕೈಯ ಅನ್ನ ಮುಟ್ಟಲಿಲ್ಲ. ಪಕ್ಕದ ತೋಟದ ಮನೆಯಲ್ಲಿ ಉಂಡು ಬರುತ್ತಿದ್ದಳು. ಫೋನಿನಲ್ಲಿ ಪಂದ್ಯ ನೋಡುತ್ತಿದ್ದಳು. ನಮ್ಮ ತಂಡ ಎಲ್ಲ ಪಂದ್ಯ ಸೋತಿತು. ಇವಳ ಜಾಗದಲ್ಲಿ ನಿಂತವಳು ಹದಿನಾಲ್ಕು ವರ್ಷದ ಕೂಸು, ಒಂದು ಪಂದ್ಯದಲ್ಲಿ ಗೋಲಿನ ಮೇಲೆ ಗೋಲು ಬಿದ್ದು ಅತ್ತು ಕುಳಿತಿತ್ತಂತೆ. ಇದನ್ನು ನನಗೆ ಸ್ಕೇಟಿಂಗ್ ಸರ್ ಹೇಳಿದ. ಅವನ ಮೇಲೂ ವಯಸ್ಸು ಮುಚ್ಚಿಟ್ಟವನೆಂಬ ಮಾತು ಬಂದಿತ್ತು, ಶೆಡ್ಡಿಗೆ ಬರುವುದನ್ನು ಬಿಟ್ಟ.

ಮೇ ಮೂವತ್ತೊಂದು ಬಂತು. ಶಾಲು ಹೊದಿಸಿದರು, ಭಾಷಣ ಮಾಡಿದರು, ಕಳಂಕವಿಲ್ಲದ ಸೇವೆ ಅಂದರು. ಪೆನ್ಷನ್ ತಡವಿಲ್ಲದೆ ಆಯಿತು.

ಜೂನ್ ತಿಂಗಳಲ್ಲಿ ಒಂದು ರವಿವಾರ ಮಧ್ಯಾಹ್ನ ತಾಯಿ ನನ್ನ ಮನೆಗೆ ಬಂದಳು. ಕೈಯಲ್ಲಿ ಒಣದ್ರಾಕ್ಷಿಯ ಪೊಟ್ಟಣ. ಸೊರಗಿ ಕಡ್ಡಿಯಾಗಿದ್ದಳು. ಬಾಗಿಲಲ್ಲೇ ಕುಸಿದು ಕುಳಿತಳು.

"ಅಕ್ಕೋರ, ಪೋರಿ ನಾಲ್ಕ ತಿಂಗಳಾತು ನನ್ನ ಕೂಡ ಮಾತಾಡವಲ್ಳು. ನಾ ಆವಾಗ ಏನ ಹೇಳಿದ್ನೋ ನನಗ ನೆನಪಿಲ್ರಿ. ಪಂಚಮಿ ಅಂತ ಹೇಳಿದ್ನಲ್ಲ ಅನಸತೈತಿ. ಆದ್ರ ಕಾಗದದಾಗ ಹಂಗ ಐತಿ ಅಂದಮ್ಯಾಲ ನಾನ ಚುಕಿಸಿರಬೇಕು. ನಾ ಅಡಾಣಿ, ಓದ ಬರಹ ಇಲ್ಲದಾಕಿ, ಏನರ ಬಾಯಿಗೆ ಬಂದಿದ್ದ ಅಂದಿರಬೇಕು. ನಿಮ್ಮ ಮಾತ ಆಕಿ ಮೀರಾಂಗಿಲ್ಲ. ಒಂದ ಸಲ ಬಂದ ಹೇಳ್ರಿ. ನಿಮ್ಮ ಕಾಲ ಬೀಳ್ತೀನಿ."

ಆಗ ಹೇಳಬಹುದಿತ್ತು. ಪೆನ್ಷನ್ ಕೈಗೆ ಬಂದಾಗಿತ್ತು, ಇನ್ನು ಯಾವ ಗುಮಾಸ್ತರ ಹೆದರಿಕೆಯೂ ಇರಲಿಲ್ಲ. ಚಪ್ಪಲಿ ಮೆಟ್ಟಿ ಅವಳ ಹಿಂದೆ ಹೊರಟಾಗ ಹೇಳಿಯೇ ಬರುತ್ತೇನೆ ಎಂದೇ ಹೊರಟೆ. ದಾರಿಯುದ್ದಕ್ಕೂ ಅವಳು ಮುಂದೆ, ನಾನು ಹಿಂದೆ. ಬದುವಿನ ಮೇಲೆ ಕೆಲಸ ಮಾಡುತ್ತಿದ್ದವರು ಎದ್ದು ನಿಂತು, "ಶರಣ್ರಿ ಅಕ್ಕೋರ," ಅಂದರು. ಒಬ್ಬೊಬ್ಬರು ಎದ್ದು ನಿಂತಂತೆ ನನ್ನ ಧೈರ್ಯ ಒಂದೊಂದು ಹೆಜ್ಜೆ ಕಡಿಮೆಯಾಯಿತು.

ಹುಡುಗಿ ಗೋಡೆಗೆ ಆತು ಕುಳಿತಿದ್ದಳು. ನನ್ನನ್ನು ಕಂಡು ಎದ್ದು ಚಾಪೆ ಹಾಸಿದಳು. ಸ್ಕೇಟು ಕಟ್ಟದೆ ಎಷ್ಟು ದಿನವಾಯಿತು ಎಂದು ಕೇಳಿದೆ, ಚಾಪೆಯ ಅಂಚನ್ನು ಕೈಯಿಂದ ನೇರ ಮಾಡಿದಳು. ತಾಯಿ ಒಲೆಯ ಮುಂದೆ ಚಹಾಕ್ಕೆ ಇಟ್ಟು, ಬೆನ್ನು ನಮ್ಮ ಕಡೆ ಮಾಡಿ ನಿಂತಳು.

"ಅಕ್ಕೋರ, ಒಂದ ಕೇಳ್ತೀನ್ರಿ," ಅಂದಳು ಹುಡುಗಿ. "ಅವ್ವ ಒಮ್ಮೆ ನಾ ಹಂಗ ಹೇಳಿಲ್ಲ ಅಂತಾಳ, ಒಮ್ಮೆ ಹೇಳಿರಬೇಕ ಅಂತಾಳ. ಆವಾಗ ಬರ್ಕೊಂಡಾವ್ರು ನೀವ. ಆಕಿ ಖರೇನ ಹಂಗ ಹೇಳಿದ್ಲೇನ್ರಿ?"

ಒಲೆಯ ಮುಂದೆ ಚಮಚದ ಸಪ್ಪಳ ನಿಂತಿತು.

ಆ ಕಣ್ಣು ನನ್ನ ಮುಖ ಬಿಟ್ಟು ಅಲ್ಲಾಡಲಿಲ್ಲ. ನಾನು ಕಲಿಸಿದ ಅಷ್ಟೂ ಮಕ್ಕಳು ಆ ಹುಡುಗಿಯ ಕಣ್ಣಿನಿಂದ ನನ್ನನ್ನು ನೋಡುತ್ತಿವೆ ಅನ್ನಿಸಿತು. ಈ ಊರಲ್ಲಿ ನನಗೆ ಉಳಿದದ್ದು ಶರಣ್ರಿ ಅಕ್ಕೋರ ಎಂಬ ಆ ಮಾತೊಂದೇ, ಅದನ್ನು ಬಿಟ್ಟುಕೊಡುವುದು ನನ್ನಿಂದ ಆಗಲಿಲ್ಲ.

"ಹೌದವ್ವಾ," ಅಂದೆ. "ಹೇಳಿದ್ಲು. ಆ ಹೊಗಿಯೊಳಗಿಂದ ನಿನ್ನ ಹೆಂಗರ ಮಾಡಿ ಹೊರಗ ತರಬೇಕಂತ ಹೇಳ್ಯಾಳ. ನೀ ಕೆಮ್ಮಿ ಕೆಮ್ಮಿ ಸಾಯ್ತಿದ್ದಿ. ಮುಂದ ಹಿಂಗ ಆಗತೈತಿ ಅಂತ ಆಕಿಗೇನ ಕನಸ ಬಿದ್ದಿತ್ತೇನು? ಹೆತ್ತಾಕಿ ಮ್ಯಾಲ ಇಷ್ಟ ಸಿಟ್ಟ ಬ್ಯಾಡ."

ಹುಡುಗಿ ಎದ್ದು ಒಲೆಯ ಹತ್ತಿರ ಹೋಗಿ, ತಾಯಿಯ ಹೆಗಲಿಗೆ ಹಣೆ ಹಚ್ಚಿ, ಹೋ ಎಂದು ಅತ್ತಳು. ತಾಯಿ, "ಚುಕಲಂ ಗ ಬಾಳಾ, ನಂದ ತಪ್ಪಾತು, ನಾನ ಹೇಳೀನಿ," ಎಂದು ಅವಳ ಬೆನ್ನು ತಟ್ಟಿದಳು. ತಾನೇ ಹಾಗೆ ಹೇಳಿದ್ದು ಎಂಬುದರಲ್ಲಿ ಈಗ ತಾಯಿಗೆ ಅನುಮಾನವೇ ಉಳಿದಿರಲಿಲ್ಲ. ಚಹಾ ಉಕ್ಕಿ ಒಲೆಗೆ ಬಿತ್ತು, ಯಾರೂ ನೋಡಲಿಲ್ಲ. ಮಗಳ ತಲೆಯ ಮೇಲಿಂದ ಆಕೆ ನನ್ನತ್ತ ತಿರುಗಿ ಕೈ ಮುಗಿದಳು.